ಇಳಿಜಾರಿನಲ್ಲಿ ನೋಡಿ ಕೊಂಡ ಕಾರು

ಹಳೆಯ ಸಣ್ಣ ಕಾರು ಕೊಳ್ಳುವುದು ಹೇಗೆ ಎಂಬ ವಿಷಯದಲ್ಲಿ ಮಂಗಳೂರಿನ ಯಾರಿಗಾದರೂ ಸಂಶಯವಿದ್ದರೆ, ಅವರು ಸಂಕೋಚಪಡದೆ ಕುದ್ರೋಳಿಗೆ ಬಂದು ನನ್ನನ್ನು ಕೇಳಬಹುದು. ನಾನು ಈವರೆಗೆ ಕೊಂಡದ್ದು ಒಂದೇ ಕಾರು. ಅದು ಸರಿಯಾಗಿ ಓಡಿದ್ದು ಒಂದೇ ಸಲ. ಅದೂ ನಾನು ಕೊಳ್ಳುವ ಮೊದಲು. ಆದರೂ ಹತ್ತು ಒಳ್ಳೆಯ ಕಾರು ಕೊಂಡವನಿಗಿಂತ ಇಂಥದ್ದೊಂದನ್ನು ಕೊಂಡವನಿಗೆ ಹೆಚ್ಚು ತಿಳಿದಿರುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಒಳ್ಳೆಯ ಕಾರಿನವನು ಕಾರಿನೊಳಗೆ ಕುಳಿತಿರುತ್ತಾನೆ, ಅಷ್ಟೇ. ನಾನು ಅದರ ಅಡಿಯಲ್ಲಿ ಮಲಗಿದ್ದೇನೆ, ಹಿಂದಿನಿಂದ ದೂಡಿದ್ದೇನೆ, ಮುಂದೆ ನಿಂತು ಹ್ಯಾಂಡಲ್ ತಿರುಗಿಸಿದ್ದೇನೆ. ನಾಲ್ಕೂ ದಿಕ್ಕಿನಿಂದ ಪರಿಚಯವಿದೆ.

ನಾನು ಹಂಚಿನ ದಲ್ಲಾಳಿ. ಹದಿಮೂರನೆಯ ವಯಸ್ಸಿನಲ್ಲಿ ತಲೆಯ ಮೇಲೆ ಹಂಚು ಹೊತ್ತು ದೋಣಿಗೆ ತುಂಬಿಸುತ್ತಿದ್ದವನು, ಇಂದು ಸ್ವಂತ ಗೋದಾಮು ಇಟ್ಟುಕೊಂಡಿದ್ದೇನೆ. ಇದಕ್ಕೆ ಕಾರಣ ನನ್ನ ಬಲಗೈಯ ನಡುಬೆರಳಿನ ಗೆಣ್ಣು. ಚೆನ್ನಾಗಿ ಬೆಂದ ಹಂಚನ್ನು ಗೆಣ್ಣಿನಿಂದ ತಟ್ಟಿದರೆ ಟಣ್ ಎನ್ನುತ್ತದೆ. ಒಳಗೆ ಕಣ್ಣಿಗೆ ಕಾಣದ ಬಿರುಕಿದ್ದರೂ ಬದ್ ಎನ್ನುತ್ತದೆ. ಈ ಎರಡು ಶಬ್ದಗಳ ನಡುವೆ ನಾನು ಮೂವತ್ತು ವರ್ಷ ಬಾಳಿದ್ದೇನೆ. ಒಬ್ಬನೇ ಒಬ್ಬ ಕಾರ್ಖಾನೆಯವನು ನನಗೆ ಎರಡನೇ ನಂಬರಿನ ಹಂಚನ್ನು ಒಂದನೇ ನಂಬರೆಂದು ದಾಟಿಸಿಲ್ಲ.

ನನಗೆ ಕಾರಿನ ಆಸೆ ಇದ್ದದ್ದಲ್ಲ. ಆಸೆ ಹುಟ್ಟಿಸಿದವರು ಸುರತ್ಕಲ್ಲಿನ ಗುತ್ತಿನ ಯಜಮಾನರು. ಗುತ್ತು ಎಂದರೆ ಆ ಊರಿಗೇ ದೊಡ್ಡ ಮನೆ. ಆ ಮನೆಯ ಹುಡುಗನಿಗೂ ನನ್ನ ಸೊಸೆ ಸುಮತಿಗೂ ಸಂಬಂಧ ಕುದುರಿತ್ತು. ಸುಮತಿ ನನ್ನ ತಂಗಿಯ ಮಗಳು. ತಂಗಿ ತೀರಿಹೋದ ಮೇಲೆ ನಮ್ಮ ಮನೆಯಲ್ಲೇ ಬೆಳೆದವಳು. ನಮ್ಮ ಅಳಿಯಸಂತಾನದ ಕಟ್ಟಿನ ಪ್ರಕಾರ ಸೋದರಮಾವನೇ ಅವಳಿಗೆ ಯಜಮಾನ. ಧಾರೆಯ ನೀರು ಬಿಡಬೇಕಾದ ಕೈ ನನ್ನದು. ನಿಶ್ಚಯದ ದಿನ ಹುಡುಗನ ಮಾವನಾದ ಗುತ್ತಿನ ಯಜಮಾನರು ಎಲೆಗೆ ಸುಣ್ಣ ಹಚ್ಚುತ್ತ ಕೇಳಿದರು:

"ದಿಬ್ಬಣ ಹೇಗೆ ಬರುವುದು? ಸರ್ವೀಸ್ ಬಸ್ಸಿನಲ್ಲಾ? ಆಗಬಹುದು, ಆಗಬಹುದು. ಹೊತ್ತಿಗೆ ಸರಿಯಾಗಿ ಮುಟ್ಟಿದರೆ ಸಾಕು."

ಆ ಎರಡನೆಯ 'ಆಗಬಹುದು' ನನಗೆ ಬದ್ ಎಂದು ಕೇಳಿಸಿತು. ಹಂಚು ಹೊತ್ತವನಿಗೆ ಬಸ್ಸೇ ಹೆಚ್ಚು ಎಂಬ ಅರ್ಥ ಅದರಲ್ಲಿತ್ತು.

"ದಿಬ್ಬಣದವರು ಬಸ್ಸಿನಲ್ಲಿ ಬರಲಿ," ಎಂದೆ. "ಮದುಮಗಳು ನಮ್ಮ ಕಾರಿನಲ್ಲಿ ಬರ್ತಾಳೆ. ಧಾರೆ ಮುಗಿದ ಮೇಲೆ ಗಂಡ ಹೆಂಡತಿ ಇಬ್ಬರೂ ಅದೇ ಕಾರಿನಲ್ಲಿ ಕುದ್ರೋಳಿಗೆ ಬರ್ತಾರೆ."

ನನ್ನ ಹೆಂಡತಿ ಕಲ್ಯಾಣಿ ತಲೆ ಎತ್ತಿ ನನ್ನ ಮುಖ ನೋಡಿದಳು. ಮನೆಗೆ ಬರುವ ದಾರಿಯಲ್ಲಿ ಒಂದೇ ಪ್ರಶ್ನೆ ಕೇಳಿದಳು.

"ನಮ್ಮ ಕಾರು ಅಂದ್ರೆ ಯಾವುದು?"

"ಇನ್ನು ತರಬೇಕು."

"ಮದುವೆಗೆ ಇನ್ನು ಇಪ್ಪತ್ತು ದಿನ ಉಂಟು."

"ಕಾರು ಬೇಯಿಸಲಿಕ್ಕಿಲ್ಲವಲ್ಲ. ದುಡ್ಡು ಕೊಟ್ಟರೆ ಅದೇ ದಿನ ಮನೆಗೆ ಬರ್ತದೆ."

ನಮ್ಮ ಪಕ್ಕದ ಮನೆಯ ಸಾಲ್ವದೋರ್ ಪೊರ್ಬುಗಳು ಬಸ್ಸುಗಳ ಫಿಟ್ಟರು. ಎಂಜಿನ್ನನ್ನು ಬಿಚ್ಚಿ, ಗೋಣಿಯ ಮೇಲೆ ಹರಡಿ, ಊಟ ಮಾಡಿ ಬಂದು ಮತ್ತೆ ಕೂಡಿಸುವಂಥ ಮನುಷ್ಯ. ಅವರು ಬೇಲಿಯ ಆಚೆಯಿಂದಲೇ ಹೇಳಿದರು: "ಸಾವ್ಕಾರ್ರೆ, ಹಳೇ ಕಾರು ನೋಡ್ಲಿಕ್ಕೆ ಹೋಗುವಾಗ ನನ್ನನ್ನು ಕರ್ಕೊಂಡು ಹೋಗಿ. ಒಂದೂವರೆ ರೂಪಾಯಿ ಕೊಡಿ, ಸಾಕು."

ನಾನು ನಕ್ಕುಬಿಟ್ಟೆ. ನೋಡುವುದಕ್ಕೆ ದುಡ್ಡು ಕೊಟ್ಟರೆ ನನಗೆ ದಲ್ಲಾಳಿ ಎಂಬ ಹೆಸರು ಯಾಕೆ?

ಕಾರು ಕೊಡಿಯಾಲ್‌ಬೈಲಿನ ಒಬ್ಬ ನಿವೃತ್ತ ವಕೀಲರದು. ಆದರೆ ಅವರು ಅದನ್ನು ತೋರಿಸಲು ಬಾವುಟಗುಡ್ಡೆಯ ತುದಿಗೆ ಕರೆದರು. ಅಲ್ಲಿ ಗಾಳಿ ಚೆನ್ನಾಗಿದೆಯಂತೆ. ಕಾರು ಬಿಲಾತಿಯದು, ನಾಲ್ಕು ಜನ ಕೂರುವಂಥದ್ದು, ನೀಲಿ ಬಣ್ಣ, ತಗಡಿನ ಟ್ರಂಕಿಗಿಂತ ಸ್ವಲ್ಪ ದೊಡ್ಡದು. ನಾನು ಶಾಲು ಬದಿಗಿಟ್ಟು, ತೋಳು ಮಡಚಿ, ಕ್ರಮಬದ್ಧವಾಗಿ ಪರೀಕ್ಷೆ ಆರಂಭಿಸಿದೆ. ಮಡ್‌ಗಾರ್ಡು ತಟ್ಟಿದೆ: ಟಣ್. ಬಾಗಿಲು ತಟ್ಟಿದೆ: ಟಣ್. ಬಾನೆಟ್ಟು, ದೀಪ, ಚಕ್ರದ ತಟ್ಟೆ, ಎಲ್ಲವೂ ಒಂದನೇ ನಂಬರು. ಮುಂದಿನ ರೇಡಿಯೇಟರು ಮಾತ್ರ ಬದ್ ಎಂದಿತು.

"ಇದರೊಳಗೆ ಎಂತ ಉಂಟು?" ಎಂದೆ.

"ನೀರು ಉಂಟು," ಎಂದರು ವಕೀಲರು.

ನೀರು ತುಂಬಿದ ಕೊಡವೂ ಬದ್ ಎನ್ನುತ್ತದೆ, ನ್ಯಾಯವಾದ ಉತ್ತರ. ಆದರೂ ಆ ಶಬ್ದಕ್ಕಾಗಿ ಹದಿನೈದು ರೂಪಾಯಿ ಇಳಿಸಿದೆ.

ಆಮೇಲೆ ಓಡಿಸಿ ನೋಡುವುದು. ನಾನು, ವಕೀಲರು, ಚಕ್ರ ಹಿಡಿದ ಅವರ ಡ್ರೈವರು. ಬಾವುಟಗುಡ್ಡೆಯಿಂದ ಹಂಪನಕಟ್ಟೆಯ ಕಡೆಗೆ ಕಾರು ಹೊರಟಿತು ನೋಡಿ, ಎಣ್ಣೆಯ ಮೇಲೆ ಬೆಣ್ಣೆ ಜಾರಿದ ಹಾಗೆ. ಒಂದಿಷ್ಟೂ ಗಡಗಡವಿಲ್ಲ, ಹೊಗೆಯಿಲ್ಲ.

"ಎಂಜಿನ್ನಿನ ಶಬ್ದವೇ ಇಲ್ಲವಲ್ಲ," ಎಂದೆ.

"ಇಲ್ಲ," ಎಂದರು ವಕೀಲರು.

ಹಂಪನಕಟ್ಟೆಯಲ್ಲಿ ನೆಲ ಸಮನಾದಲ್ಲಿ ಕಾರು ತಾನಾಗಿ ನಿಂತಿತು. ಬಸ್ಸಿನಲ್ಲಿ ಬ್ರೇಕು ಹಾಕಿದಾಗ ಹಲ್ಲು ಹಲ್ಲಿಗೆ ಬಡಿಯುವುದು ನನಗೆ ಗೊತ್ತು. ಇಲ್ಲಿ ಏನೂ ಇಲ್ಲ.

"ಬ್ರೇಕು ಹಾಕಿದ್ದೇ ಗೊತ್ತಾಗ್ಲಿಲ್ಲ."

"ಗೊತ್ತಾಗುವುದಿಲ್ಲ," ಎಂದರು ವಕೀಲರು.

ಮಹನೀಯರೇ, ಆ ಮನುಷ್ಯ ಒಂದು ಸುಳ್ಳನ್ನೂ ಹೇಳಲಿಲ್ಲ. ಅದನ್ನು ನಾನು ಎಲ್ಲಿ ಬೇಕಾದರೂ ಪ್ರಮಾಣ ಮಾಡಿ ಹೇಳಲು ಸಿದ್ಧ. ನಾನು ಕೇಳಿದ ಪ್ರತಿ ಪ್ರಶ್ನೆಗೂ ಸತ್ಯವಾದ ಉತ್ತರ ಬಂದಿತು. ಈ ಕಾರನ್ನು ಗುಡ್ಡೆಯ ಮೇಲಕ್ಕೆ ಯಾರು ಹತ್ತಿಸಿದರು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ, ಆ ಬೆಳಿಗ್ಗೆ ನಾಲ್ಕು ಮಂದಿ ಕೂಲಿಗಳು ದೂಡಿದರು ಎಂದು ಅವರು ಖಂಡಿತವಾಗಿ ಹೇಳುತ್ತಿದ್ದರು.

ನಾನೂರೈವತ್ತರಿಂದ ಆರಂಭವಾದ ಮಾತನ್ನು ಮುನ್ನೂರಕ್ಕೆ ಇಳಿಸಿದೆ. ಗೆದ್ದೆ ಎಂದು ಎದೆ ಉಬ್ಬಿತು. ಅಲ್ಲಿಂದ ಮನೆಗೆ ಹೊರಡುವಾಗ ಡ್ರೈವರು ಸ್ಟೀರಿಂಗ್ ಹಿಡಿದು, "ಹೊಸ ಧಣಿಗಳ ಕೈ ಒಮ್ಮೆ ಹಿಂದಿನಿಂದ ತಾಗಿದರೆ ಒಳ್ಳೇದು," ಎಂದ. ಶಾಸ್ತ್ರವೆಂದುಕೊಂಡು ನಾನು ಎರಡೂ ಕೈ ಇಟ್ಟು ದೂಡಿದೆ. ಶಾಸ್ತ್ರ ಸುಮಾರು ಒಂದು ಫರ್ಲಾಂಗು ನಡೆಯಿತು.

ಪೊರ್ಬುಗಳು ಕಾರಿನ ಸುತ್ತ ಎರಡು ಸಲ ಬಂದರು. ತಟ್ಟಲಿಲ್ಲ, ಮೂಸಿದರು.

"ಎಷ್ಟು ಕೊಟ್ರಿ?"

ಹೇಳಿದೆ.

"ಹೊರಗಿನದ್ದಕ್ಕೆ ಸರಿಯಾಯ್ತು," ಎಂದರು. "ಒಳಗಿನದ್ದಕ್ಕೆ ಅವರು ನಿಮಗೆ ಕೊಡ್ಬೇಕಿತ್ತು."

ಅಸೂಯೆ ಎಂದುಕೊಂಡೆ. ಆದರೂ ಕಾರು ನಡೆಸಲು ಕಲಿಸಿದವರು ಅವರೇ. ಕುದ್ರೋಳಿಯ ಸಪಾಟಾದ ಬಯಲಿನಲ್ಲಿ ಹದಿನೈದು ದಿನ ಕಲಿತೆ. ಅಲ್ಲಿ ನಿಲ್ಲಿಸಲು ಬ್ರೇಕು ಬೇಕಾಗಲೇ ಇಲ್ಲ, ಕಾರು ತಾನಾಗಿಯೇ ನಿಲ್ಲುತ್ತಿತ್ತು. ಬೆಳಗಿನ ಹೊತ್ತು ಕಾರು ಹ್ಯಾಂಡಲಿಗೆ ಬಗ್ಗುತ್ತಿರಲಿಲ್ಲ, ದೂಡಬೇಕಾಗುತ್ತಿತ್ತು. ನನಗೂ ಬೆಳಿಗ್ಗೆ ಮಂಡಿ ಬಗ್ಗುವುದಿಲ್ಲ. ಅದಕ್ಕಾಗಿ ನನ್ನನ್ನು ಯಾರೂ ಹಳೆಯವನೆಂದು ಮಾರಿಲ್ಲ. "ಏರು ಹತ್ತಿಸಿ ನೋಡುವ, ಸಾವ್ಕಾರ್ರೆ," ಎಂದು ಪೊರ್ಬುಗಳು ದಿನಾ ಹೇಳುತ್ತಿದ್ದರು. ಮದುವೆಯ ಕಾರನ್ನು ಮೊದಲೇ ದಣಿಸುವುದು ಬೇಡವೆಂದು ನಾನು ಒಪ್ಪಲಿಲ್ಲ.

ಧಾರೆಯ ಮುಹೂರ್ತ ಹನ್ನೊಂದು ಗಂಟೆಗೆ. ದಿಬ್ಬಣದ ಉಳಿದವರನ್ನು ಬಸ್ಸಿನಲ್ಲಿ ಮುಂದೆ ಕಳುಹಿಸಿ, ಏಳು ಗಂಟೆಗೆ ನಾವು ಹೊರಟೆವು. ಸ್ಟೀರಿಂಗ್ ಹಿಡಿದು ನಾನು, ಬದಿಯಲ್ಲಿ ಕರಿಯ ಕೋಟು ಹಾಕಿದ ಪೊರ್ಬುಗಳು, ಹಿಂದೆ ಕಲ್ಯಾಣಿ ಮತ್ತು ಮದುಮಗಳು ಸುಮತಿ. ಮಣ್ಣಗುಡ್ಡೆಯ ಏರಿನವರೆಗೆ ನಾನು ರಾಜ.

ಏರಿನ ಮಧ್ಯೆ ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಕಾರು ನಿಧಾನವಾಗಿ ಹಿಂದಕ್ಕೆ ಇಳಿದು, ಏರು ಶುರುವಾದ ಕಡೆಯೇ ಬಂದು ನಿಂತಿತು. ಇನ್ನೊಮ್ಮೆ ಹತ್ತಿಸಿದೆ. ಇನ್ನೊಮ್ಮೆ ಇಳಿಯಿತು.

"ಪೆಟ್ರೋಲು ಮುಂದೆ ಬರುವುದಿಲ್ಲ," ಎಂದರು ಪೊರ್ಬುಗಳು. "ಮೂತಿ ಮೇಲಾದ್ರೆ ಇದಕ್ಕೆ ಉಸಿರು ಕಟ್ತದೆ. ತಿರುಗಿಸಿ, ರಿವರ್ಸಿನಲ್ಲಿ ಹತ್ತಿಸಿ. ಆಗ ಬರ್ತದೆ."

"ಹಿಂದೆ ಹಿಂದೆಯಾ? ಮದುಮಗಳನ್ನು ಕೂರಿಸಿಕೊಂಡಾ?"

"ಹಾಗಾದ್ರೆ ಗುಡ್ಡೆಯನ್ನು ತಿರುಗಿಸಿ."

ತಿರುಗಿಸಿದೆವು. ಹೂವು ಕಟ್ಟಿದ ಕಾರು, ಮೂತಿ ಕುದ್ರೋಳಿಯ ಕಡೆಗೆ, ಬೆನ್ನು ಸುರತ್ಕಲ್ಲಿನ ಕಡೆಗೆ, ಗುಂಯ್ ಎಂದು ಏರು ಹತ್ತತೊಡಗಿತು. ಎರಡೂ ಬದಿಯ ಮನೆಗಳ ಜನ ಜಗಲಿಗೆ ಬಂದು ನಿಂತರು.

"ಸುಮತೀ, ತಲೆ ಬಗ್ಗಿಸಿ ಕೂತ್ಕೊ ಮಗಾ," ಎಂದಳು ಕಲ್ಯಾಣಿ. "ಮದುವೆ ಮುರಿದು ವಾಪಸು ಕರ್ಕೊಂಡು ಹೋಗ್ತಿದ್ದಾರೆ ಅಂತ ಕಾಣ್ತದೆ ಜನಕ್ಕೆ."

"ಇಲ್ಲ ಅತ್ತೆ," ಎಂದಳು ಸುಮತಿ. "ವಾಪಸು ಹೋಗುವವರು ಮುಂದೆ ನೋಡ್ಕೊಂಡು ಹೋಗ್ತಾರೆ."

ನನಗೆ ಮುಂದೆ ನೋಡಲು ಪುರುಸೊತ್ತೇ ಇರಲಿಲ್ಲ. ಕುತ್ತಿಗೆ ಹಿಂದಕ್ಕೆ ತಿರುಗಿ ಅಲ್ಲೇ ಹಿಡಿದುಕೊಂಡಿತ್ತು. ಆದ್ದರಿಂದ ಮೊದಲನೆಯ ಬುದ್ಧಿಮಾತು: ಕಾರನ್ನು ಇಳಿಜಾರಿನಲ್ಲಿ ನೋಡಬೇಡಿ, ಏರಿನಲ್ಲಿ ನೋಡಿ. ಈ ಬುದ್ಧಿಗೆ ಪೊರ್ಬುಗಳು ಒಂದೂವರೆ ರೂಪಾಯಿ ಕೇಳಿದ್ದರು. ನಾನು ಧರ್ಮಕ್ಕೆ ಕೊಡುತ್ತಿದ್ದೇನೆ.

ಕೂಳೂರು ಹೊಳೆಗೆ ಸೇತುವೆಯಿಲ್ಲ. ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿದ ಜಂಗಲದ ಮೇಲೆ ಕಾರನ್ನು ದಾಟಿಸಬೇಕು. ಹೆಂಗಸರು ಇಳಿದು ಹಲಗೆಯ ಮೇಲೆ ನಡೆದು ಹೋದರು. ನಾನು ದಡದ ಇಳಿಜಾರಿನಲ್ಲಿ ಕಾರನ್ನು ಇಳಿಸಿ, ಜಂಗಲದ ಮಧ್ಯಕ್ಕೆ ಬಂದಾಗ ಗಂಭೀರವಾಗಿ ಬ್ರೇಕು ತುಳಿದೆ. ಬ್ರೇಕು ಹಾಕಿದ್ದೇ ಗೊತ್ತಾಗಲಿಲ್ಲ. ಕಾರಿಗೂ ಗೊತ್ತಾಗಲಿಲ್ಲ. ಜಂಗಲದ ಆ ತುದಿಯಲ್ಲಿ ಗಳ ಹಿಡಿದು ನಿಂತಿದ್ದ ಇಬ್ಬರು ಅಂಬಿಗರು ಗಳ ಬಿಟ್ಟು ಮಡ್‌ಗಾರ್ಡಿಗೆ ಭುಜ ಕೊಟ್ಟರು. ಮುಂದಿನ ಒಂದು ಚಕ್ರ ಹಲಗೆ ದಾಟಿ ನೀರಿನ ಮೇಲೆ ಗಾಳಿಯಲ್ಲಿ ತಿರುಗುತ್ತಿತ್ತು.

ಹಿರಿಯ ಅಂಬಿಗ ನಿಧಾನವಾಗಿ ಕೇಳಿದ: "ಧಣಿ, ಕಾರನ್ನು ದಾಟಿಸ್ಲಿಕ್ಕಾ, ಬಿಡ್ಲಿಕ್ಕಾ?"

ಹೊಳೆ ದಾಟುವ ತನಕ ಅವರು ಭುಜ ತೆಗೆಯಲಿಲ್ಲ. ಗಳ ಹಾಕಿದವರು ಕರಿಕೋಟಿನ ಪೊರ್ಬುಗಳು.

ಆಚೆ ದಡದಲ್ಲಿ ಏರು, ಮತ್ತೆ ಬೆನ್ನು ಮುಂದೆ. ಆಮೇಲೆ ಬೈಕಂಪಾಡಿಯ ಮರಳು ದಾರಿ. ಗಂಟೆ ಒಂಬತ್ತೂಮುಕ್ಕಾಲು. ಗಾಳಿಮರಗಳ ನಡುವೆ ರಸ್ತೆ ನೇರ, ಸಪಾಟು. ಇನ್ನು ಅಡ್ಡಿಯಿಲ್ಲ ಎಂದು ನಾನು ಬಾಯಿಬಿಟ್ಟು ಹೇಳಿದೆ. ಹೇಳಬಾರದಿತ್ತು. ಮುಂದುಗಡೆಯಿಂದ ಸುಂಯ್ ಎಂದು ಹಬೆ ಎದ್ದಿತು. ಕಾರು ನಿಂತಿತು. ನಾನು ಇಳಿದು ಹೋಗಿ, ಶಾಲಿನಿಂದ ರೇಡಿಯೇಟರಿನ ಮುಚ್ಚಳ ಹಿಡಿದು, ಪೊರ್ಬುಗಳು "ಮುಟ್ಟಬೇಡಿ" ಎನ್ನುವುದರೊಳಗೆ ತಿರುಗಿಸಿದೆ.

ನೀರು ಬುಗ್ಗೆಯಾಗಿ ಆಳೆತ್ತರ ಹಾರಿ ನನ್ನ ಮೇಲೆ ಬಿತ್ತು. ಸುಟ್ಟದ್ದು ಸ್ವಲ್ಪ, ದೇವರ ದಯೆ. ಆದರೆ ಕಣ್ಣು ಬಿಟ್ಟು ನೋಡಿದರೆ ನಾನು ಪೂರ್ತಿ ಹಳದಿ. ಬಿಳಿಯ ಪಂಚೆ, ಬಿಳಿಯ ಅಂಗಿ, ಮೀಸೆ, ಎಲ್ಲ ಹಳದಿ.

ಪೊರ್ಬುಗಳು ನನ್ನ ತೋಳಿನಿಂದ ಒಂದು ಬೊಟ್ಟು ತೆಗೆದು ಮೂಸಿದರು. "ಅರಸಿನ. ರೇಡಿಯೇಟರು ಸೋರಿದ್ರೆ ಅರಸಿನ ಪುಡಿ ಹಾಕ್ತಾರೆ, ಒಂದಷ್ಟು ದಿನ ಕಟ್ಟಿಕೊಳ್ತದೆ. ಇದಕ್ಕೆ ಎರಡು ಸೇರಾದ್ರೂ ಹಾಕಿದ್ದಾರೆ ಮಾರಾಯ್ರೆ."

ಕಲ್ಯಾಣಿ ಕಾರಿನ ಕಿಟಿಕಿಯಿಂದ ನೋಡಿದಳು. "ನಿನ್ನೆ ಮದುಮಗಳಿಗೆ ಹಚ್ಚುವಾಗ ಉಳಿದ ಅರಸಿನ ಎಲ್ಲಿ ಹೋಯ್ತು ಅಂತ ನೋಡ್ತಿದ್ದೆ," ಎಂದಳು. "ನೀವು ಚಂದ ಕಾಣ್ತೀರಿ. ಒಂದು ಬಾಸಿಂಗ ಕಮ್ಮಿ."

ಬದ್ ಎಂದದ್ದಕ್ಕೆ ಹದಿನೈದು ರೂಪಾಯಿ ಇಳಿಸಿದ್ದೆನಲ್ಲ, ನನ್ನ ಗೆಣ್ಣು ತಪ್ಪು ಹೇಳಿರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಇಳಿಸಿದ್ದು ಸಾಲಲಿಲ್ಲ, ಅಷ್ಟೇ.

ಅಷ್ಟರಲ್ಲಿ ಹಿಂದಿನಿಂದ ಸುರತ್ಕಲ್ಲಿಗೆ ಹೋಗುವ ಸರ್ವೀಸ್ ಬಸ್ಸು ಬಂದಿತು. ಸುಮತಿ ಸೆರಗು ಸರಿಮಾಡಿಕೊಂಡು ಕಾರಿನಿಂದ ಇಳಿದಳು.

"ಮಾವ, ನಾನು ಇದರಲ್ಲಿ ಹೋಗ್ತೇನೆ."

"ಬಸ್ಸಿನಲ್ಲಾ? ಗುತ್ತಿನ ಮನೆಗಾ? ನಾನು ಕೊಟ್ಟ ಮಾತು ಎಂತ ಆಗ್ಬೇಕು?"

"ಮಾತು ಆಮೇಲೆ ಬರ್ಲಿ. ನಾನು ಹನ್ನೊಂದು ಗಂಟೆಗೆ ಅಲ್ಲಿ ಇರ್ಬೇಕಲ್ಲ." ಒಂದು ಕ್ಷಣ ನಿಂತು ನನ್ನ ಹಳದಿ ತೋಳು ಹಿಡಿದಳು. "ಮಾವ, ನೀವೂ ಬನ್ನಿ. ಅಮ್ಮ ಇಲ್ಲ. ನೀರು ಬಿಡ್ಲಿಕ್ಕೆ ನೀವೂ ಇಲ್ಲದಿದ್ರೆ ನಾನು ಮಣೆಯಿಂದ ಏಳುವುದಿಲ್ಲ, ಕೈಯೂ ನೀಡುವುದಿಲ್ಲ. ಹೇಳಿದ್ದೇನೆ."

ಬಸ್ಸಿನಲ್ಲಿ ಇದ್ದದ್ದು ಎರಡೇ ಜಾಗ. ಅವಳೂ ಕಲ್ಯಾಣಿಯೂ ಹತ್ತಿದರು. ಫುಟ್‌ಬೋರ್ಡಿನಲ್ಲಿ ನಿಲ್ಲಬಹುದಿತ್ತು, ಕಂಡಕ್ಟರು ಕರೆದ. ಆದರೆ ಹಳದಿ ಬಣ್ಣದ ಸೋದರಮಾವ ಬಸ್ಸಿನ ಬಾಗಿಲಿಗೆ ಜೋತುಬಿದ್ದುಕೊಂಡು ಗುತ್ತಿನ ಚಪ್ಪರದ ಮುಂದೆ ಇಳಿಯುವುದನ್ನು ಯೋಚಿಸಿದೆ. "ನೀವು ಹೋಗಿ, ಕಾರು ತಣಿದ ಕೂಡಲೇ ಬಂದೆ," ಎಂದೆ. ಬಸ್ಸು ಧೂಳು ಬಿಟ್ಟು ಹೋಯಿತು.

ಕಾರು ತಣಿಯಿತು. ಬಾವಿಯಿಂದ ನೀರು ತಂದು ಹಾಕಿದೆವು. ಮೇಲಿನಿಂದ ಹಾಕಿದ್ದು ಕೆಳಗಿನಿಂದ ಹೋಯಿತು. ಹ್ಯಾಂಡಲ್ ತಿರುಗಿಸಿದೆವು. ದೂಡಿದೆವು. ಗಂಟೆ ಹತ್ತೂಕಾಲು.

"ಸಾವ್ಕಾರ್ರೆ," ಎಂದರು ಪೊರ್ಬುಗಳು ಬೆವರು ಒರಸಿಕೊಂಡು, "ಧಾರೆಗೆ ಕಾರು ಬೇಕಾ, ಮಾವ ಬೇಕಾ?"

"ಎರಡೂ ಬೇಕು."

"ಆ ಹುಡುಗಿ ಮಣೆಯ ಮೇಲೆ ಕೂತು ಬಾಗಿಲು ನೋಡ್ತಾ ಇರ್ತಾಳೆ."

ಆ ಮಾತು ನನಗೆ ಕುದಿನೀರಿಗಿಂತ ಹೆಚ್ಚು ತಾಗಿತು. ಕಾರನ್ನು ಬಿಟ್ಟು ಓಡಲು ಪಂಚೆ ಎತ್ತಿ ಕಟ್ಟಿದೆ. ಆಗ ಗಾಳಿಮರಗಳ ನಡುವಿನಿಂದ ಒಂದು ಖಾಲಿ ಎತ್ತಿನಗಾಡಿ ಹೊರಬಂತು. ಗಾಡಿಯವನು ಎಂಟಾಣೆ ಕೇಳಿದ, ನಾನು ಚರ್ಚೆ ಮಾಡಲಿಲ್ಲ. ಮೂವತ್ತು ವರ್ಷಗಳಲ್ಲಿ ಮೊದಲ ಸಲ ಕೇಳಿದ ಬೆಲೆಗೆ ಒಪ್ಪಿದ್ದು ಅಂದು. ಗಾಡಿಯ ಹಿಂದಕ್ಕೆ ಹಗ್ಗ ಹಾಕಿ ಕಾರು ಕಟ್ಟಿದೆವು. ಎತ್ತುಗಳು ಒಳ್ಳೆಯ ಜಾತಿಯವು. ಓಡಿದವು. ನಾನು ಸ್ಟೀರಿಂಗ್ ಹಿಡಿದು ನೆಟ್ಟಗೆ ಕುಳಿತೆ. ಮಧ್ಯೆ ಮಧ್ಯೆ ಹಾರನ್ ಒತ್ತಿದೆ. ಹಾರನ್ ಮಾತ್ರ ಕೊನೆಯವರೆಗೂ ಸರಿಯಿತ್ತು.

ಗುತ್ತಿನ ಚಪ್ಪರದ ಮುಂದೆ ವಾದ್ಯದವರು ಊದುವುದನ್ನು ನಿಲ್ಲಿಸಿದರು. ಗಂಟೆ ಹನ್ನೊಂದಕ್ಕೆ ಐದು ನಿಮಿಷ ಇತ್ತು. ಗುತ್ತಿನ ಯಜಮಾನರು ಮೆಟ್ಟಲಿಳಿದು ಬಂದು, ಕಾರನ್ನು ದಾಟಿ ಮುಂದೆ ಹೋಗಿ, ಎತ್ತಿನ ಭುಜದ ಮೇಲೆ ಕೈ ಆಡಿಸಿದರು.

"ಒಳ್ಳೆ ಜೋಡಿ. ಎಷ್ಟಕ್ಕೆ ತಗೊಂಡ್ರಿ?"

"ಹೊತ್ತಿಗೆ ಸರಿಯಾಗಿ ಮುಟ್ಟಿದರೆ ಸಾಕು ಅಂದಿದ್ರಲ್ಲ," ಎಂದೆ. "ಮುಟ್ಟಿದ್ದೇನೆ."

ಅವರು ನನ್ನ ಹಳದಿ ಮೀಸೆಯನ್ನು ನೋಡಿದರು. ಒಳಗಿನಿಂದ ಒಂದು ಹೊಸ ಜರಿಯಂಚಿನ ಪಂಚೆ ತರಿಸಿ, ಮಾವನಿಗೆ ಕೊಡುವ ಮರ್ಯಾದೆಯೆಂದು ಕೈಗಿಟ್ಟರು. ಅದನ್ನುಟ್ಟು ಮಂಟಪಕ್ಕೆ ಹೋದೆ. ಸುಮತಿ ತಲೆ ಎತ್ತಿ ನೋಡಿ ಕೈ ನೀಡಿದಳು. ನೀರು ಬಿಟ್ಟೆ. ಚೊಂಬು ಖಾಲಿಯಾದ ಮೇಲೂ ಬಗ್ಗಿಸಿಯೇ ಹಿಡಿದಿದ್ದೆ. ಸ್ಟೀರಿಂಗ್ ಹಿಡಿದು ಕೈ ಮರಗಟ್ಟಿದ್ದು ಎಂದು ಪಕ್ಕದವರಿಗೆ ಹೇಳಿದೆ.

ಗಂಡ ಹೆಂಡತಿಯನ್ನು ಕಾರಿನಲ್ಲೇ ಕುದ್ರೋಳಿಗೆ ಕರೆತರುವ ಉಳಿದ ಅರ್ಧ ಮಾತನ್ನು ನಡೆಸಿಕೊಡಲು ನಾನು ಆಗಲೂ ತಯಾರಿದ್ದೆ. ಊಟವಾದ ಮೇಲೆ ಪೊರ್ಬುಗಳು ಬಾನೆಟ್ಟು ತೆಗೆದು ನೋಡಿ, ಮುಚ್ಚಿ, ಟೊಪ್ಪಿ ತೆಗೆದು ಒಂದು ಕ್ಷಣ ನಿಂತರು. ಹೊಸ ಅಳಿಯ ಒಳ್ಳೆಯ ಹುಡುಗ. "ಮಾವ, ನಾವು ಬಸ್ಸಿನಲ್ಲೇ ಬರ್ತೇವೆ, ನಿಮ್ಮ ಕಾರಿನಲ್ಲಿ ಇನ್ನೊಮ್ಮೆ ಕೂರುವ," ಎಂದ. ಕಾರನ್ನು ಗುತ್ತಿನ ದನದ ಹಟ್ಟಿಯ ಬದಿಯಲ್ಲಿ ನಿಲ್ಲಿಸಿದೆವು. ಪೊರ್ಬುಗಳು ಮರುದಿನ ಸಾಮಾನು ಹಿಡಿದುಕೊಂಡು ಬರುವುದೆಂದಾಯಿತು.

ಹಾಗೆಂದು ಬೆಲೆಬಾಳುವ ವಸ್ತುವನ್ನು ಪರಸ್ಥಳದಲ್ಲಿ ಬಿಡುವಷ್ಟು ದಡ್ಡ ನಾನಲ್ಲ. ಬ್ಯಾಟರಿಯನ್ನು ಬಿಚ್ಚಿಸಿ ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಕಂಡಕ್ಟರು ಅದಕ್ಕೆ ಅರ್ಧ ಟಿಕೆಟ್ ಎಂದ. ಮಡಿಲಲ್ಲಿ ಕೂತ ಮಗುವಿಗೆ ಟಿಕೆಟಿಲ್ಲ ಎಂದು ವಾದಿಸಿ ಗೆದ್ದೆ. ಹೊಳೆಯವರೆಗೆ ಒಂದು ಬಸ್ಸು, ಹೊಳೆ ದಾಟಿ ಇನ್ನೊಂದು; ಎರಡರಲ್ಲೂ ಗೆದ್ದೆ. ತೊಡೆ ಸ್ವಲ್ಪ ಬೆಚ್ಚಗಾದಂತೆ ಅನ್ನಿಸಿತು. ಬಿಸಿಲೆಂದುಕೊಂಡೆ.

ನಮ್ಮ ಮನೆಯ ಅಂಗಳದಲ್ಲಿ ಕುದ್ರೋಳಿಯ ಅರ್ಧ ಊರು ಸೇರಿತ್ತು. ಆರತಿಯಾಯಿತು. ಕಲ್ಯಾಣಿ ಅಕ್ಷತೆಯ ಹರಿವಾಣ ಹಿಡಿದು ಬಂದವಳು ನನ್ನ ಪಂಚೆಯ ಕಡೆ ನೋಡಿ ಅಲ್ಲೇ ನಿಂತಳು. ಬ್ಯಾಟರಿಯ ಆಸಿಡ್ ಸೋರುತ್ತದೋ ಇಲ್ಲವೋ ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು, ತೊಡೆಯ ಮೇಲಿಟ್ಟಲ್ಲ. ಗುತ್ತಿನ ಜರಿಯಂಚು ಹಾಗೆಯೇ ಇತ್ತು. ಜರಿಯಂಚಿನ ಮೇಲಿನ ಬಟ್ಟೆ ಬಲಗಡೆ ಇರಲಿಲ್ಲ.

ಅಷ್ಟರಲ್ಲಿ ಅಳಿಯನೂ ಸುಮತಿಯೂ ಕಾಲಿಗೆ ಬಗ್ಗಿದರು. ಸೋದರಮಾವ ಎರಡೂ ಕೈಯಲ್ಲಿ ಅಕ್ಷತೆ ಹಾಕಿ ಹರಸಬೇಕು. ನಾನು ಒಂದೇ ಕೈಯಲ್ಲಿ ಹರಸಿದೆ. ಪಂಚೆ ಹಿಡಿದುಕೊಂಡಿದ್ದ ಇನ್ನೊಂದು ಕೈಗೆ ಪುರುಸೊತ್ತಿರಲಿಲ್ಲ.